ಎರಡನೇ ಪ್ರತಿ

ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ, ಕೆಲಸದ್ದು ಆಮೇಲೆ. ಒಂದೂರಲ್ಲಿ ಮೂರು ದಿನ ಕೂತರೆ ನನಗೆ ಅಂಗಾಲು ಕಡಿಯುತ್ತದೆ. ಈಗ ನಿವೃತ್ತನಾಗಿ ಮಧುಗಿರಿಯ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುವಾಗಲೂ ಎರಡು ಸಾಲಿಗೊಮ್ಮೆ ಎದ್ದು ಬೀದಿಯ ಕೊನೆಯವರೆಗೆ ಹೋಗಿಬರುತ್ತಿದ್ದೇನೆ. ನಮ್ಮ ಮನೆಯವಳು ಒಳಗಿನಿಂದಲೇ, “ಬರೀತಿದೀರೋ ನಡೀತಿದೀರೋ, ಯಾವುದಾದ್ರೂ ಒಂದು ಮಾಡಿ” ಅನ್ನುತ್ತಾಳೆ. ಅವಳಿಗೇನು ಗೊತ್ತು! ಮೂವತ್ತು ವರ್ಷ ನಡೆದದ್ದಕ್ಕೇ ಸರ್ಕಾರ ನನಗೆ ಸಂಬಳ ಕೊಟ್ಟಿತು.

ಮಹಾರಾಜರ ಸರ್ಕಾರದಲ್ಲಿ ನನ್ನ ಕೆಲಸ ಇಷ್ಟೆ. ಹಳೆಯ ಶಾಸನದ ಕಲ್ಲು ಎಲ್ಲಿದೆಯೆಂದು ಹುಡುಕಿಕೊಂಡು ಹೋಗುವುದು, ಅದರ ಮೇಲೆ ಕಾಗದ ಹಾಕಿ ಅಕ್ಷರದ ಅಚ್ಚು ತೆಗೆದು ತರುವುದು. ಈಚೆಗೆ ಈ ಕೆಲಸಕ್ಕೆ ಸೇರಿದ ಇಬ್ಬರು ಹುಡುಗರು ಮನೆಗೆ ಬಂದು ಅನುಭವ ಹೇಳಿ ಎಂದು ಕೂತರು. ಬಡ್ತಿ ಯಾವಾಗ ಸಿಕ್ಕಿತು ಅಂತಲೂ ಕೇಳಿದರು. ಎರಡು ಸಲ ಸಿಕ್ಕಿತಪ್ಪ, ಎರಡು ಸಲವೂ ನಾನು ಊರಲ್ಲಿರಲಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ, ಕೇಳಿ.

ಅಚ್ಚು ತೆಗೆಯುವ ಬಗೆ ಹೀಗಿತ್ತು. ಕಲ್ಲನ್ನು ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆಯಬೇಕು. ಕಾಗದವನ್ನು ನೀರಲ್ಲಿ ಅದ್ದಿ ಕಲ್ಲಿಗೆ ಅಂಟಿಸಿ, ಬಿರುಸು ಕೂದಲಿನ ಕುಂಚದಿಂದ ತಟ್ಟುತ್ತ ಹೋಗಬೇಕು. ತಟ್ಟಿದಂತೆಲ್ಲ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಕಾಗದದ ಮೈ ಕಪ್ಪಾಗಿ, ಅಕ್ಷರ ಮಾತ್ರ ಬೆಳ್ಳಗೆ ನಿಲ್ಲುತ್ತದೆ. ಮಸಿಯನ್ನು ನಾನೇ ದೀಪದ ಕಾಡಿಗೆಗೆ ಗೋಂದು ಕಲಸಿ ಮಾಡಿಕೊಳ್ಳುತ್ತಿದ್ದೆ. ಮೂವತ್ತು ವರ್ಷ ನನ್ನ ಉಗುರು ಬೆಳ್ಳಗಿದ್ದದ್ದನ್ನು ಯಾರೂ ನೋಡಿಲ್ಲ.

ನನ್ನ ಮೇಲಿನವರು ಒಬ್ಬ ಪಂಡಿತರು. ಹೆಸರು ಬೇಡ. ಹಳಗನ್ನಡ, ಸಂಸ್ಕೃತ ಎರಡನ್ನೂ ಅರೆದು ಕುಡಿದವರು, ಆದರೆ ಬೆಟ್ಟ ಕಂಡರೆ ಅವರಿಗೆ ತಲೆ ತಿರುಗುತ್ತಿತ್ತು. ಈ ಸೀಮೆಯಲ್ಲೋ ಬೆಟ್ಟವಿಲ್ಲದ ಊರು ಹುಡುಕಬೇಕು. ಅವರು ಕೆಳಗೆ ಹುಣಸೆಮರದ ನೆರಳಲ್ಲಿ ಚಾಪೆ ಹಾಸಿಕೊಂಡು ಕೂರುವರು. ನಾನು ನೀರಿನ ಕೊಡ, ಕಾಗದದ ಸುರುಳಿ ಹೊತ್ತು ಕೋಟೆ ಹತ್ತುವೆ. “ಎಡಗಡೆ ಮೂಲೆ ಬಂತೇನೋ?” ಎಂದು ಕೆಳಗಿನಿಂದ ಕೂಗುವರು. ಅವರದೊಂದೇ ಮಂತ್ರ: ಪ್ರತಿ ಕಲ್ಲಿಗೂ ಎರಡು ಪ್ರತಿ. ಒಂದು ಓದುವುದಕ್ಕೆ, ಒಂದು ಪೆಟ್ಟಿಗೆಗೆ. “ಒಂದು ಪ್ರತಿ ಇದ್ದರೆ ಇಲ್ಲದ ಹಾಗೇ ಲೆಕ್ಕ” ಅನ್ನುವರು.

ಚನ್ನರಾಯನದುರ್ಗದಲ್ಲಿ ಆದದ್ದನ್ನು ಕೇಳಿ. ಆಷಾಢದ ಗಾಳಿ. ಬೇಡ ಎಂದು ಕಲ್ಲೇ ಹೇಳುತ್ತಿತ್ತು, ನಾನು ಕೇಳಲಿಲ್ಲ. ಎರಡು ಪ್ರತಿ ತೆಗೆದು ಬಂಡೆಯ ಮೇಲೆ ಒಣಹಾಕಿ, ಒಂದೊಂದರ ನಾಲ್ಕು ಮೂಲೆಗೂ ಕಲ್ಲಿಟ್ಟು, ಆಚೆಯ ಗುಡ್ಡದಲ್ಲಿ ಇನ್ನೇನಿದೆಯೋ ನೋಡೋಣವೆಂದು ಹೋದೆ. ಕೂತು ಕಾಯುವ ಜಾತಿಯೇ ನನ್ನದಲ್ಲ. ಬಂದು ನೋಡಿದರೆ ಎಂಟು ಕಲ್ಲೂ ಇದ್ದಲ್ಲೇ ಇವೆ, ಕಾಗದ ಇಲ್ಲ! ಒಂದು ಕಣಿವೆಗೆ ಹೋಯಿತು. ಇನ್ನೊಂದು ಮಾರನೆಯ ದಿನ ಕೆಳಗಿನ ಹಟ್ಟಿಯಲ್ಲಿ ಮೊಸರಿನ ಗಡಿಗೆಯ ಬಾಯಿಗೆ ಕಟ್ಟಿದ್ದು ಸಿಕ್ಕಿತು. ಆ ಹೆಂಗಸು, “ಚಿತ್ತಾರ ಚೆಂದಾಗೈತೆ ಅಂತ ಕಟ್ದೆ, ಬುಡಿ ಸ್ವಾಮಿ, ಇನ್ನೊಂದು ಬರ್ಕಳಿ” ಅಂದಳು. ಪಂಡಿತರು ನಗಲಿಲ್ಲ. “ಇನ್ನೊಂದು ಸಲ ಪ್ರತಿ ಕಮ್ಮಿಯಾದರೆ ನಿನ್ನನ್ನು ಕಚೇರಿಯಲ್ಲಿ ನಕಲು ಬರೆಯೋದಕ್ಕೆ ಕೂರಿಸುತ್ತೇನೆ. ಕುರ್ಚಿ ಬಿಟ್ಟು ಏಳಕೂಡದು” ಅಂದರು. ಬೈದಿದ್ದರೆ, ದಂಡ ಹಾಕಿದ್ದರೆ ಸಹಿಸುತ್ತಿದ್ದೆ. ಕುರ್ಚಿ ಎಂದದ್ದೇ ಕಾಗದ ಹೊತ್ತು ಆಗಲೇ ಮತ್ತೆ ಬೆಟ್ಟ ಹತ್ತಿದೆ. ಮುಂದಿನದಕ್ಕೆಲ್ಲ ಈ ಮಾತೇ ಮೂಲವಾದ್ದರಿಂದ ನೆನಪಿಟ್ಟುಕೊಳ್ಳಿ.

ಎಲ್ಲ ಕಡೆಗೂ ನಮ್ಮ ಗಾಡಿ ಹೊಡೆಯುತ್ತಿದ್ದವನು ಶಿರಾದ ಮಸ್ತಾನ್ ಸಾಬಿ. ಅಲ್ಲಿ ಒಂದು ಹಳೆಯ ಗೋರಿಯ ಹತ್ತಿರ ಪಾರಸಿ ಅಕ್ಷರದ ಕಲ್ಲು ಗೋಡೆಗೆ ಒರಗಿಸಿಟ್ಟಿತ್ತು. ಬಿಸಿಲಲ್ಲಿ ಅರ್ಧ ದಿನ ಬೆವರು ಸುರಿಸಿ ಅಚ್ಚು ತೆಗೆದೆ, ಹೆಮ್ಮೆಯಿಂದ ಮೇಲೆ ಕೆಳಗೆ ಎಂದು ಗುರುತೂ ಬರೆದೆ. ಮಸ್ತಾನ್ ಸಾಬಿ ಎತ್ತಿಗೆ ಹುಲ್ಲು ಹಾಕುತ್ತಿದ್ದವನು ಬಂದು ನೋಡಿ, “ಅರೆ ಸ್ವಾಮಿ, ನಂಗೆ ಓದಕ್ಕೆ ಬರಲ್ಲ. ಮಗರ್ ಅಲ್ಲಾನ ಹೆಸರು ತಲೆಕೆಳಗೆ ನಿಂತೈತೆ ಅಂತ ಮಾತ್ರ ಗೊತ್ತು” ಅಂದ. ಯಾರೋ ಕಲ್ಲನ್ನು ಬುಡ ಮೇಲೆ ಮಾಡಿ ಒರಗಿಸಿದ್ದರು. ಗುರುತು ಅಳಿಸಿ ತಿರುಗಿಸಿ ಬರೆದೆ. ಅವನು ಆ ವಿಷಯವನ್ನು ಪಂಡಿತರಿಗೆ ಕೊನೆಯವರೆಗೂ ಹೇಳಲಿಲ್ಲ, ನನಗೆ ಮಾತ್ರ ಗಾಡಿ ಹತ್ತುವಾಗಲೆಲ್ಲ “ಸ್ವಾಮಿ, ತಲೆ ಯಾವ ಕಡೆ?” ಎಂದು ಕೇಳುವನು.

ಪಾವಗಡದ ಕಡೆ ಹೋದರೆ ಕನ್ನಡ ಅರ್ಧಕ್ಕೆ ನಿಂತು ತೆಲುಗು ಶುರುವಾಗುತ್ತದೆ. ಚಳಿಗಾಲದ ಬೆಳಿಗ್ಗೆ ಒಂದು ವೀರಗಲ್ಲಿಗೆ ಒದ್ದೆ ಕಾಗದ ಹೊದಿಸುತ್ತಿದ್ದೆ. ಹೊಲಕ್ಕೆ ಹೊರಟ ಮುದುಕಿಯೊಬ್ಬಳು ನಿಂತು, “ರಾಯಿಕಿ ಬಟ್ಟ ಕಡ್ತಾ ಉನ್ನಾವಾ ಸಾಮೀ?” ಎಂದು ಕೇಳಿದಳು, ಕಲ್ಲಿಗೆ ಬಟ್ಟೆ ಉಡಿಸುತ್ತಿದ್ದೀಯಾ ಅಂತ. ಹೌದಮ್ಮ ಅಂದೆ. ಚಳಿಯಲ್ಲಿ ನಿಂತವನಿಗೆ ಬಟ್ಟೆ ಕೊಟ್ಟೆಯಲ್ಲ ಎಂದು ಮಡಿಲಿನಿಂದ ಒಂದು ಹಿಡಿ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕಿ ಹೋದಳು. ಇಂಥ ದಿನಗಳಿಗಾಗಿಯೇ ನಾನು ಈ ಕೆಲಸ ಬಿಡಲಿಲ್ಲ. ನಾಳೆ ಯಾವ ಊರು ಎಂದು ಗೊತ್ತಿಲ್ಲದ ಸುಖ ಕಚೇರಿಯವರಿಗೆ ಹೇಳಿದರೆ ತಿಳಿಯದು.

ಇನ್ನು ಆ ಊರಿನ ವಿಷಯ. ಇಷ್ಟು ಹೊತ್ತು ಅತ್ತ ಇತ್ತ ಸುತ್ತಿಸಿದ್ದು ಅದನ್ನು ಮುಂದೆ ಹಾಕುವುದಕ್ಕೇ.

ಕೊಡಿಗೇನಹಳ್ಳಿಯಿಂದ ಆಚೆಗೆ ಗಾಡಿದಾರಿಯ ಒಂದು ಹಳ್ಳಿ. ಮೊದಲನೇ ಮಹಾಯುದ್ಧಕ್ಕೆ ಮುಂಚಿನ ಮಾತು, ಚನ್ನರಾಯನದುರ್ಗದಲ್ಲಿ ಕುರ್ಚಿಯ ಮಾತು ಕೇಳಿ ಇನ್ನೂ ತಿಂಗಳಾಗಿರಲಿಲ್ಲ. ಪಂಡಿತರು ಮಧುಗಿರಿಯಲ್ಲಿ ಉಳಿದು ನನ್ನೊಬ್ಬನನ್ನೇ ಕಳಿಸಿದ್ದರು. ಊರ ಮುಂದೆ ಆಳೆತ್ತರದ ಶಾಸನದ ಕಲ್ಲು. ಎಣ್ಣೆ, ಕುಂಕುಮ ಬೆರಳುದಪ್ಪ ಕಟ್ಟಿ ಅಕ್ಷರವೇ ಕಾಣುತ್ತಿರಲಿಲ್ಲ. ಆ ಊರಿನ ಪದ್ಧತಿಯೇನೆಂದರೆ, ಹೆರಿಗೆ ಕಷ್ಟವಾದರೆ ಆ ಕಲ್ಲಿನ ಮೇಲೆ ನೀರು ಹುಯ್ದು, ಬುಡದಲ್ಲಿ ಚೊಂಬು ಹಿಡಿದು, ಅಕ್ಷರ ತೊಳೆದು ಬಂದ ನೀರನ್ನು ಬಸುರಿಗೆ ಕುಡಿಸುವುದು. ನನಗೆ ಅದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾರು ತೆಗೆದುಕೊಂಡು ಉಜ್ಜಿ ಉಜ್ಜಿ ಕಲ್ಲನ್ನು ಬೋಳು ಮಾಡಿದೆ. ಎರಡು ಪ್ರತಿ ತೆಗೆದೆ. ಊರವರು ಸುತ್ತ ನಿಂತು ನೋಡಿದರು. ಅಜ್ಜನ ಕಾಲದಿಂದ ಯಾರಿಗೂ ಕಾಣದ ಅಕ್ಷರ ಕಾಗದದ ಮೇಲೆ ಬೆಳ್ಳಗೆ ಎದ್ದದ್ದು ಕಂಡು ಎಲ್ಲರೂ ಬಾಯಮೇಲೆ ಕೈ ಇಟ್ಟರು.

“ಏನ್ ಬರ್ದೈತೆ ಸ್ವಾಮಿ?” ಎಂದು ಒಬ್ಬ ಕೇಳಿದ. ನನಗೆ ಹಳೆಯ ಅಕ್ಷರ ಓದಲು ಬರುತ್ತಿತ್ತು. ಆದರೆ ಓದಿದರೆ ನಿಧಿ ಇದೆಯೆಂದು ಅಗೆದು ಹಾಕುತ್ತಾರೆ, ಏನೂ ಹೇಳಬೇಡ ಎಂದು ಪಂಡಿತರ ಅಪ್ಪಣೆ. “ಪಂಡಿತರು ಓದ್ತಾರೆ” ಎಂದು ಹೇಳಿ ಕಾಗದ ಸುತ್ತಿಕೊಂಡು ಹೊರಟೆ.

ರಾತ್ರಿ ಕೊಡಿಗೇನಹಳ್ಳಿಯಲ್ಲಿ ತಂಗಿ, ಮಾರನೆಯ ದಿನ ಮಧ್ಯಾಹ್ನ ಮಧುಗಿರಿ ದಾರಿಯಲ್ಲಿ ಎತ್ತಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದ್ದೆವು. ಹಿಂದಿನಿಂದ ಒಬ್ಬ ಓಡುತ್ತ ಬಂದ. ಮೈಯೆಲ್ಲ ಧೂಳು, ಏದುಸಿರು. ನಿನ್ನೆ ‘ಏನ್ ಬರ್ದೈತೆ’ ಎಂದು ಕೇಳಿದವನೇ ಅವನು, ಹೆಸರು ಕೆಂಚಪ್ಪ.

“ಸ್ವಾಮಿ, ಆ ಕಾಗ್ದ ಕೊಡಿ. ನನ್ ಎಂಡ್ರು ಈರಮ್ಮ ನೆನ್ನೆ ಸಂಜೆಯಿಂದ ನೋವು ತಿಂತಾವ್ಳೆ. ಕಲ್ಲಿಗೆ ನೀರು ಹುಯ್ದು ಕುಡಿಸುದ್ವಿ, ಏನೂ ಆಗ್ನಿಲ್ಲ. ಅಕ್ಸರ ಎಲ್ಲ ನಿಮ್ ಕಾಗ್ದಕ್ಕೆ ಬಂದ್ಬುಟ್ಟೈತೆ, ಕಲ್ಲು ಖಾಲಿ ಅಂತ ಸೂಲಗಿತ್ತಿ ಅಂತವ್ಳೆ. ಕಾಗ್ದ ನೆನೆಸಿ ಆ ನೀರು ಕುಡಿಸ್ತೀವಿ.”

“ಅಕ್ಷರ ಎಲ್ಲಿಗೂ ಹೋಗಿಲ್ಲಪ್ಪ, ಕಲ್ಲಲ್ಲೇ ಇದೆ” ಅಂದೆ.

“ಇರ್ಬೋದು ಸ್ವಾಮಿ. ಅವ್ಳು ನಂಬ್ತಿಲ್ಲ. ಖಾಲಿ ಕಲ್ಲಿನ್ ನೀರು ಕುಡಿಸ್ಬುಟ್ರಿ, ನಾನಿನ್ನ ಉಳಿಯಾಕಿಲ್ಲ ಅಂತ ಅಳ್ತಾವ್ಳೆ. ನಿಮ್ ಕಾಲಿಗೆ ಬೀಳ್ತೀನಿ.” ಬಿದ್ದೇಬಿಟ್ಟ.

ಸುರುಳಿಯಲ್ಲಿ ಎರಡು ಪ್ರತಿ ಇದ್ದವು. ಎರಡು! ಒಂದನ್ನು ಕೊಟ್ಟಿದ್ದರೆ ಏನಾಗುತ್ತಿತ್ತು? ಪಂಡಿತರು ಬೈಯುತ್ತಿದ್ದರು, ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ನೋವು ತಿನ್ನುವ ಹೆಂಗಸಲ್ಲ, ಆ ಕುರ್ಚಿ. ಗಾಡಿಯಲ್ಲಿ ಇನ್ನೊಂದು ಕಾಗದ ಬಿದ್ದಿತ್ತು. ಕೊಳಾಲದ ಕಡೆ ಒಂದು ಕಲ್ಲಿನ ಅಚ್ಚು ತೆಗೆಯುವಾಗ ಮಸಿ ಹೆಚ್ಚಾಗಿ ಕೆಟ್ಟುಹೋದದ್ದು, ಸಾಮಾನು ಸುತ್ತಲು ಇಟ್ಟುಕೊಂಡಿದ್ದೆ. ಅದನ್ನು ತೆಗೆದು ಕೊಟ್ಟೆ. “ಇದೇ ನಿಮ್ಮ ಕಲ್ಲಿನದು” ಅಂದೆ. ಕೆಂಚಪ್ಪನಿಗೆ ಓದು ಬಾರದು. ಎರಡೂ ಕೈ ಚಾಚಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ತಲೆಯ ಮೇಲಿಟ್ಟುಕೊಂಡು ಬಂದ ದಾರಿಯಲ್ಲೇ ಓಡಿದ. ಗಾಡಿ ಹೂಡುತ್ತಿದ್ದ ಮಸ್ತಾನ್ ಸಾಬಿ ನನ್ನ ಮುಖ ನೋಡಿದ. ಅವತ್ತು ‘ತಲೆ ಯಾವ ಕಡೆ’ ಎಂದು ಕೇಳಲಿಲ್ಲ.

ಕಾಗದ ನೆನೆಸಿದ ನೀರಿನಿಂದ ಹೆರಿಗೆಯಾಗುತ್ತದೆಂದು ನಾನು ಅವತ್ತೂ ನಂಬಲಿಲ್ಲ, ಇವತ್ತೂ ನಂಬುವುದಿಲ್ಲ. ಹಾಗಾದರೆ ಯಾವ ಕಾಗದವಾದರೇನು ಎಂದು ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರಯೋಜನವಾಗಲಿಲ್ಲ. ನಾನು ನಂಬದಿದ್ದರೇನು, ಅವನು ನಂಬಿದ್ದನಲ್ಲ!

ಮುಂದಿನ ವರ್ಷ ಪಂಡಿತರಿಗೆ ಆ ಕಲ್ಲಿನ ಅಗಲ ಎತ್ತರ ಇನ್ನೊಮ್ಮೆ ಅಳೆಯಬೇಕೆನಿಸಿತು. ನೆಲ ಸಮವಾದ ಊರು, ಅವರೂ ಬಂದರು. ಕಲ್ಲು ಇದ್ದ ಜಾಗದಲ್ಲಿ ಗುಂಡಿ. ಊರ ಗೌಡ ಹೇಳಿದ: “ಅದು ಸತ್ತ ಕಲ್ಲು ಸ್ವಾಮಿ. ಕೆಂಚಪ್ಪನ್ ಎಂಡ್ರು ಕಲ್ಲಿನ್ ನೀರೂ ಕುಡುದ್ಲು, ಕಾಗ್ದದ್ ನೀರೂ ಕುಡುದ್ಲು. ಕೂಸು ಉಳೀತು, ತಾಯಿ ಹೋದ್ಲು. ಇನ್ಯಾತಕ್ಕೆ ಅಂತ ಒಡೆದು ಕೆರೆ ತೂಬಿಗೆ ಹಾಕ್ಬುಟ್ವಿ.”

ತೂಬಿನ ಹತ್ತಿರ ಹೋಗಿ ನೋಡಿದೆ. ಚೂರುಗಳ ಮೇಲೆ ಗಾರೆ ಮೆತ್ತಿತ್ತು, ಒಂದಕ್ಷರವೂ ಕಾಣಲಿಲ್ಲ. ಆ ಗಾರೆಯನ್ನು ಉಗುರಿನಿಂದ ಕೆರೆಯುತ್ತ ಕೂತೆ. ಪಂಡಿತರು ಮಾತ್ರ ನನ್ನ ಬೆನ್ನು ತಟ್ಟಿದರು. “ನೋಡಿದೆಯಾ? ಕಲ್ಲು ಹೋಯಿತು, ನಮ್ಮಲ್ಲಿ ಎರಡು ಪ್ರತಿ ಉಳಿಯಿತು. ಭೇಷ್!” ಅಂದರು. ನನ್ನ ಇಡೀ ನೌಕರಿಯಲ್ಲಿ ಅವರು ಭೇಷ್ ಅಂದದ್ದು ಅದೊಂದೇ ಸಲ. ಹೆಂಡತಿಯನ್ನು ಕಳೆದುಕೊಂಡವನ ಮನೆ ಅಲ್ಲೇ ನಾಲ್ಕು ಹೆಜ್ಜೆ ಆಚೆಗಿತ್ತು. ನಾನು ಹೋಗಲಿಲ್ಲ. ಬೇಗ ಹೊರಡೋಣ ಎಂದು ಗಾಡಿ ಹತ್ತಿ ಕೂತೆ.

ಆಮೇಲಿನ ವರ್ಷಗಳಲ್ಲಿ ನಾನು ಇನ್ನಷ್ಟು ತಿರುಗಿದೆ. ಕೊರಟಗೆರೆ ಮುಗಿದರೆ ಶಿರಾ, ಶಿರಾ ಮುಗಿದರೆ ಪಾವಗಡ, ರಜೆ ಕೊಟ್ಟರೂ ಬೇಡವೆನ್ನುತ್ತಿದ್ದೆ. ಎಂಥ ದುಡಿಮೆಗಾರ ಎಂದು ಕಚೇರಿಯವರು ಹೊಗಳಿದರು. ಆ ಒಂದು ಹಳ್ಳಿಯ ದಾರಿ ಮಾತ್ರ ಬಳಸಿ ಹೋಗುತ್ತಿದ್ದೆ. ನಡುವೆ ಕ್ಯಾಮರಾ ಬಂತು. ನಾವು ಅರ್ಧ ದಿನ ತಟ್ಟಿ ತೆಗೆಯುವುದನ್ನು ಅದು ಕಣ್ಣು ಮಿಟುಕಿಸಿ ತೆಗೆಯುತ್ತದೆ, ಆದರೆ ಸವೆದ ಅಕ್ಷರ ಅದಕ್ಕೆ ಕಾಣದು, ಕೈಬೆರಳಿಗೇ ಕಾಣಬೇಕು. ಹುಡುಗರೇ, ಇದನ್ನು ಮಾತ್ರ ಮರೆಯಬೇಡಿ. ಪಂಡಿತರು ತೀರಿಕೊಂಡರು. ಹೊಸ ಸಾಹೇಬರು ಬಂದು, ಓದುವುದಕ್ಕೆಂದು ಇಟ್ಟಿದ್ದ ಮೊದಲನೇ ಪ್ರತಿಗಳಿಗೆಲ್ಲ ಫೋಟೊ ತೆಗೆಸಿದರು.

ನಾನು ನಿವೃತ್ತನಾಗುವ ವಾರ ಪೆಟ್ಟಿಗೆಗಳನ್ನು ಒಪ್ಪಿಸಬೇಕಿತ್ತು. ತಳದಲ್ಲಿ ಆ ಸುರುಳಿ ಸಿಕ್ಕಿತು. ಎರಡನೇ ಪ್ರತಿ. ನಾನು ಕಟ್ಟಿದ್ದ ದಾರದ ಗಂಟು ಕಟ್ಟಿದ ಹಾಗೇ ಇತ್ತು. ಮೂವತ್ತು ವರ್ಷ ಅದನ್ನು ಒಬ್ಬರೂ ಬಿಚ್ಚಿರಲಿಲ್ಲ. ಇದಕ್ಕಾಗಿ, ಯಾರೂ ಬಿಚ್ಚದ ಈ ಕಾಗದಕ್ಕಾಗಿ! ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತೆ, ನಾಚಿಕೆಯೇನು. ಸಾಹೇಬರನ್ನು ಕೇಳಿದೆ. “ಮೊದಲನೆಯದಿದೆ, ಫೋಟೊ ಇದೆ. ಬೇಕಾದರೆ ತೆಗೆದುಕೊಂಡು ಹೋಗಿ” ಅಂದರು.

ಎರಡನೇ ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಏರು ಬಂದಲ್ಲೆಲ್ಲ ನಮ್ಮನ್ನು ಇಳಿಸಿ ತಳ್ಳಿಸಿ ಕೊಡಿಗೇನಹಳ್ಳಿ ಮುಟ್ಟಿಸಿದರು. ಅಲ್ಲಿಂದ ನಡೆದೆ. ಕೆಂಚಪ್ಪ ಮನೆ ಮುಂದೆ ಹಗ್ಗ ಹೊಸೆಯುತ್ತಿದ್ದ. ತಲೆ ಪೂರಾ ನರೆತಿತ್ತು. ಅವತ್ತು ಉಳಿದ ಮಗು ಲಕ್ಕಮ್ಮ ಈಗ ಮೂವತ್ತರ ಹೆಂಗಸು. ಮನೆ ಅಳಿಯನನ್ನು ತಂದುಕೊಂಡಿದ್ದರಿಂದ ಅಪ್ಪನ ಜೊತೆಯಲ್ಲೇ ಇದ್ದಳು. ನೀರು ತಂದು ಕೊಟ್ಟಳು. ನಾನು ಕುಡಿಯಲಿಲ್ಲ. ಮೊದಲು ಹೇಳಿಬಿಡಬೇಕಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಕೊಟ್ಟದ್ದು ಬೇರೆ ಊರಿನ ಕೆಟ್ಟ ಕಾಗದ, ನಿಮ್ಮದು ಇಗೋ ಇಲ್ಲಿದೆ, ಅಂತ.

ಕೆಂಚಪ್ಪನ ಕೈ ಹಗ್ಗದ ಮೇಲೆ ನಿಂತಿತು.

“ಇದು ಕೊಟ್ಟಿದ್ರೆ ಉಳೀತಿದ್ಲಾ?”

“ಇಲ್ಲ ಕಣಪ್ಪ.”

“ಅದು ನಂಗೂ ಗೊತ್ತು, ಬುಡಿ. ನಾನೇನ್ ಚಿಕ್ಕ ಮಗನಾ?” ಎಂದ. ಹಗ್ಗ ಪಕ್ಕಕ್ಕಿಟ್ಟ. “ಆದ್ರೆ ನಾನು ಓಡ್ಬಂದು ಆ ನೀರು ಕುಡಿಸ್ದಾಗ ಅವ್ಳು ನಕ್ಕಿದ್ಲು ಸ್ವಾಮಿ. ಇನ್ನ ಭಯ ಇಲ್ಲ, ತಂದ್ಬುಟ್ಟೆಯಲ್ಲ ಅಂದ್ಲು. ಕೊನೇ ಮಾತು ಅದೇ. ಮೂವತ್ತು ವರ್ಸ ನಾನು ಆ ನಗು ಇಟ್ಕಂಡು ಬದುಕಿವ್ನಿ. ಅದು ಸುಳ್ಳಿನ್ ಮ್ಯಾಲೆ ನಕ್ಕಿದ್ದು ಅಂತ ಇವತ್ತು ಬಂದು ಯೋಳ್ತೀರಲ್ಲ, ಹೆಂಗೆ ತಡ್ಕಳ್ಳಿ?”

ಸತ್ಯ ಹೇಳಿ ಹಗುರವಾಗಲು ಬಂದವನು ನಾನು. ಅವನಲ್ಲಿ ಉಳಿದಿದ್ದ ಅದೊಂದನ್ನೂ ಕಿತ್ತುಕೊಂಡೆ ಎಂದು ಆಗ ತಿಳಿಯಿತು. ಹೊರಟುಬಿಡೋಣ ಎಂದು ಕಾಲು ಎಳೆಯಿತು. ಈ ಸಲ ನಿಂತೆ.

ಲಕ್ಕಮ್ಮ ಸುರುಳಿಯ ಗಂಟು ಬಿಚ್ಚಿ ಜಗಲಿಯ ಮೇಲೆ ಹಾಸಿದಳು. “ಏನ್ ಬರ್ದೈತೆ, ಓದಿ” ಎಂದಳು.

ಓದಿದೆ. ಗೌಡನ ಮಗಳು ಮಾಚವ್ವೆ ಎಂಬುವಳು ದಾರಿ ನಡೆಯುವವರಿಗೆ ನೀರು ಕೊಡುವ ಅರವಟ್ಟಿಗೆ ಇಡಿಸಿ, ಅದು ನಿಲ್ಲದೆ ನಡೆಯಲೆಂದು ಒಂದು ಹೊಲ ಬಿಟ್ಟಳು, ಇದನ್ನು ಕೆಡಿಸಿದವರಿಗೆ ಗೋವು ಕೊಂದ ಪಾಪ. ಅಷ್ಟೆ. ನಿಧಿಯೂ ಇಲ್ಲ, ಮಂತ್ರವೂ ಇಲ್ಲ. ಆ ಊರಿನವರಿಗೆ ಆ ಊರಿನ ಕಲ್ಲಿನ ಮಾತನ್ನು ಯಾರಾದರೂ ಓದಿ ಹೇಳಿದ್ದು ಅದೇ ಮೊದಲು. ಹುಡುಗರೇ, ನೀವು ಕಲ್ಲಿಗೆ ಕಾಗದ ಮುಟ್ಟಿಸುವ ಮುಂಚೆ ಸುತ್ತ ನಿಂತವರಿಗೆ ಓದಿ ಹೇಳಿ. ಅಪ್ಪಣೆ ಇರಲಿ, ಇಲ್ಲದಿರಲಿ.

“ನೀರು ಕೊಡೋ ಕಲ್ಲಾ?” ಎಂದ ಕೆಂಚಪ್ಪ. “ಅದ್ಕೇ ನಮ್ ಹಿರೀಕರು ನೀರು ಹುಯ್ತಿದ್ರೇನೋ. ಆವತ್ತೇ ಯೋಳಿದ್ರೆ ಅದ್ನೇ ಅವ್ಳಿಗೆ ಯೋಳ್ತಿದ್ದೆ. ಅಷ್ಟೇ ಸಾಕಾಗ್ತಿತ್ತು.”

ಲಕ್ಕಮ್ಮ ಒಳಗೆ ಹೋಗಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತಂದಳು. ಕಾಗದವನ್ನು ಮಡಿಸಿ ಅದರೊಳಗೆ ಅದ್ದತೊಡಗಿದಳು. “ಒದ್ದೆ ಮಾಡಬೇಡ!” ಎಂದು ನನ್ನ ಕೈ ತಾನಾಗಿ ಮುಂದೆ ಹೋಯಿತು, ಮೂವತ್ತು ವರ್ಷದ ಅಭ್ಯಾಸ ಅದು. ಅವಳು ತಲೆಯೆತ್ತಿ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡೆ. ಗೋಂದು ಬಿಟ್ಟಿತು, ಕಾಡಿಗೆ ಕರಗಿತು, ನೀರು ಕಪ್ಪಗಾಯಿತು.

ಮನೆಯ ಹಿಂದಿನ ಹೊಲದ ಬದುವಿನಲ್ಲಿ ಈರಮ್ಮನನ್ನು ಮಣ್ಣು ಮಾಡಿದ್ದರು. ತಲೆಯ ಕಡೆ ಒಂದು ಒರಟು ಕಲ್ಲು, ಅದರ ಮೇಲೆ ಏನೂ ಬರೆದಿರಲಿಲ್ಲ. ಲಕ್ಕಮ್ಮ ಪಾತ್ರೆ ಹೊತ್ತು ಮುಂದೆ ನಡೆದಳು. ಕೆಂಚಪ್ಪ ನನ್ನ ಹೆಗಲ ಮೇಲೆ ಕೈಯೂರಿಕೊಂಡು ಬಂದ. ಆಸರೆಗೆ ಹಿಡಿದನೋ, ಕ್ಷಮಿಸಿ ಹಿಡಿದನೋ ನಾನು ಕೇಳಲಿಲ್ಲ. ಅವಳು ಕೂತು, ಆ ಕಪ್ಪು ನೀರನ್ನು ಮಣ್ಣಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಹುಯ್ದಳು.

“ತಗೋ ಅವ್ವ, ಇದು ನಿಂದೇಯ. ಕುಡಿ” ಅಂದಳು.

ಒಣ ನೆಲ, ಬೇಗ ಹೀರಿಕೊಂಡಿತು. ಬಸ್ಸಿಗೆ ಹೊತ್ತಾಯಿತು ಎಂದು ಕೆಂಚಪ್ಪ ಹೇಳುವವರೆಗೆ ನಾನು ಅಲ್ಲೇ ನಿಂತಿದ್ದೆ.